ಕೋಣೆಗೂ ಬೀದಿಗೂ ನಡುವಿನ ಒಂದು ತಿಂಗಳು

ದೆಹಲಿಯಿಂದ ಮೀರತ್ ಕಡೆಗೆ ಹೊರಟ ಹೆದ್ದಾರಿ ಉತ್ತರ ಪ್ರದೇಶದ ಗಡಿ ದಾಟಿ ಗಾಜಿಯಾಬಾದ್ ಜಿಲ್ಲೆ ಸೇರುತ್ತಿದ್ದಂತೆ ಎಡಕ್ಕೆ ಇಂದಿರಾಪುರಂ, ಬಲಕ್ಕೆ ಖೋಡಾ. ಎಡಗಡೆ ಸಾಲು ಸಾಲು ಅಪಾರ್ಟ್‌ಮೆಂಟುಗಳು. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ಆ ಬಡಾವಣೆಯ ಒಂದೊಂದು ಭಾಗಕ್ಕೂ ಕನ್ನಡಿಗರಿಗೂ ಅರ್ಥವಾಗುವ ಹೆಸರಿಟ್ಟಿದೆ: ನ್ಯಾಯ ಖಂಡ, ನೀತಿ ಖಂಡ, ಅಹಿಂಸಾ ಖಂಡ, ಅಭಯ ಖಂಡ, ಜ್ಞಾನ ಖಂಡ. ಬಲಗಡೆ, ನಕ್ಷೆ ಮಂಜೂರಾತಿಯಿಲ್ಲದೆ ಎದ್ದ ಇಟ್ಟಿಗೆ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. 2011ರ ಜನಗಣತಿಯ ಹೊತ್ತಿಗೇ ಖೋಡಾದಲ್ಲಿ 1.89 ಲಕ್ಷ ಜನರಿದ್ದರು. ಅಂತರ್ಜಲ ಪಾತಾಳ ಕಂಡಿರುವ ಅಲ್ಲಿ ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಬೇಕು. ಇಂದಿರಾಪುರಂನ ಗೋಡೆ ಕಟ್ಟಿದವರು, ಅಲ್ಲಿನ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಗೇಟು ಕಾಯುವವರಲ್ಲಿ ಬಹಳ ಮಂದಿ ರಾತ್ರಿ ಮಲಗುವುದು ಖೋಡಾದಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಮಕನ್‌ಪುರ ಹಳ್ಳಿಯಲ್ಲಿ, ಹಿಂಡನ್ ನದಿಯ ಬದಿಯ ಕನಾವನಿಯಲ್ಲಿ.

ಬೆಳಗ್ಗೆ ಏಳು ಗಂಟೆಗೆ ಖೋಡಾದ ಲೇಬರ್ ಚೌಕದಲ್ಲಿ ಗಾರೆಯವರು ಕರಣೆಯನ್ನು ಚೀಲದಿಂದ ಹೊರಗೆ ಕಾಣುವಂತೆ ಇಟ್ಟುಕೊಂಡು ಕೂತಿರುತ್ತಾರೆ. ಬಣ್ಣ ಬಳಿಯುವವರ ಮುಂದೆ ಬ್ರಷ್ಷು, ರೋಲರು. ಬಡಗಿಯ ಪಕ್ಕದಲ್ಲಿ ಗರಗಸ. ಯಾವ ಕೆಲಸದವನು ಎಂದು ಯಾರೂ ಕೇಳಬೇಕಿಲ್ಲ. ಬೈಕಿನಲ್ಲಿ ಬಂದ ಗುತ್ತಿಗೆದಾರ ಇಬ್ಬರನ್ನೋ ಮೂವರನ್ನೋ ಕರೆದುಕೊಂಡು ಹೋಗುತ್ತಾನೆ. ಬಿಸಿಲೇರಿದ ಮೇಲೆ ಉಳಿದವರು ಚೀಲ ಎತ್ತಿಕೊಂಡು ಕೋಣೆಯ ದಾರಿ ಹಿಡಿಯುತ್ತಾರೆ. ಹಾಗೆ ಬರಿಗೈಯಲ್ಲಿ ಮರಳಿದ ದಿನಗಳು ತಿಂಗಳಿಗೆ ಹತ್ತೋ ಹನ್ನೆರಡೋ ಆದರೆ ಬಾಡಿಗೆಗೆ ತತ್ವಾರ. ದುಡಿಮೆ ದಿನದ ಲೆಕ್ಕ, ಬಾಡಿಗೆ ತಿಂಗಳ ಲೆಕ್ಕ. ಕುಟುಂಬಗಳು ಕಾಲು ಜಾರುವುದು ಈ ಎರಡು ಲೆಕ್ಕಗಳ ನಡುವೆ.

ಸರ್ಕಾರದ ಬಳಿ ಮನೆ ಕಟ್ಟಿಸಲು ಹಣವಿದೆ. ಬೀದಿಗೆ ಬಿದ್ದವರಿಗೆ ರಾತ್ರಿ ತಂಗುದಾಣ ನಡೆಸಲು ಅಷ್ಟಿಷ್ಟು ಹಣವಿದೆ. ಬೀಳುವ ಮುಂಚೆ ಕೈ ಹಿಡಿಯಲು, ಬಿದ್ದವರನ್ನು ಕೆಲವೇ ವಾರಗಳಲ್ಲಿ ಮತ್ತೆ ಬಾಗಿಲಿರುವ ಕೋಣೆಗೆ ಸೇರಿಸಲು, ಸೇರಿದ ಮೇಲೆ ಅಲ್ಲೇ ನೆಲೆಯೂರುವಂತೆ ನೋಡಿಕೊಳ್ಳಲು ಮಾತ್ರ ಬಜೆಟ್ಟಿನಲ್ಲಿ ಒಂದು ಸಾಲೂ ಇಲ್ಲವೆನ್ನಬಹುದು. ಇದಕ್ಕೆ ಇಟ್ಟಿಗೆ ಸಿಮೆಂಟು ಬೇಡ. ಬೇಕಾದದ್ದು ಒಂದೆರಡು ತಿಂಗಳ ಬಾಡಿಗೆ, ಹೊಸ ಕೋಣೆಯ ಅಡ್ವಾನ್ಸು, ಮತ್ತು ಕುಟುಂಬದ ಜೊತೆ ಓಡಾಡುವ ಸಂಬಳದ ಕಾರ್ಯಕರ್ತೆ. ಇವುಗಳಿಗೆ ವರ್ಷದಿಂದ ವರ್ಷಕ್ಕೆ ತಪ್ಪದೆ ಹಣ ಒದಗಬೇಕು. ಅದನ್ನು ಒದಗಿಸುವುದು ದಾನಿಗಳ ಕೆಲಸವಲ್ಲ, ಸರ್ಕಾರದ ಕೆಲಸ.

ಕುಟುಂಬವೊಂದು ಬೀದಿಗೆ ಬರುವುದು ಒಂದೇ ದಿನದಲ್ಲಿ ಅಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಮಂಚದ ಕೆಳಗೆ ತಗಡಿನ ಟ್ರಂಕು, ಮೂಲೆಯಲ್ಲಿ ಐದು ಕಿಲೋ ಸಿಲಿಂಡರು, ಗೋಡೆಯ ಮೊಳೆಗೆ ನೇತುಹಾಕಿದ ಶಾಲೆಯ ಚೀಲ, ಬಾಗಿಲ ಮೇಲೆ ಮಾಲೀಕ ಹಾಕಿಸಿದ ಸಬ್‌ಮೀಟರು. ಗಂಡ ಬಿದ್ದು ಕಾಲು ಮುರಿದುಕೊಂಡನೋ, ಮಗುವಿಗೆ ಡೆಂಗಿ ಬಂತೋ, ಚಳಿಗಾಲದಲ್ಲಿ ಹೊಗೆ ಹೆಚ್ಚಾಗಿ ದೆಹಲಿ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ನಿಷೇಧ ಬಿತ್ತೋ, ಮೊದಲ ತಿಂಗಳು ಕಿರಾಣಿ ಅಂಗಡಿಯ ಸಾಲ ಬೆಳೆಯುತ್ತದೆ. ಎರಡನೇ ತಿಂಗಳು ಕಾಲ್ಗೆಜ್ಜೆ ಗಿರವಿ ಅಂಗಡಿ ಸೇರುತ್ತದೆ. ಮೂರನೇ ತಿಂಗಳು ಟ್ರಂಕು ಹೊರಗೆ. ನೆಂಟರ ಕೋಣೆಯಲ್ಲಿ ಒಂಬತ್ತು ಜನ ಒತ್ತಿಕೊಂಡು ಹದಿನೈದು ದಿನ. ಆಮೇಲೆ ನದಿಯ ಏರಿಯ ಮೇಲೆ ನೀಲಿ ಟಾರ್ಪಾಲು.

ಟಾರ್ಪಾಲಿನ ಕೆಳಗೆ ಹೋದ ಮೇಲೆ ಕಳೆದುಕೊಳ್ಳುವುದು ಸೂರನ್ನು ಮಾತ್ರವಲ್ಲ. ನ್ಯಾಯ ಖಂಡದಲ್ಲಿ ನಾಲ್ಕು ಮನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸಿಗೆ ಈಗ ಸ್ನಾನ ಮಾಡಿ ಹೊರಡಲು ಮರೆಯಿಲ್ಲ. ಮನೆ ದೂರವಾದರೆ ಆಟೋ ಖರ್ಚು ಒಂದು ಮನೆಯ ಸಂಬಳವನ್ನು ನುಂಗುತ್ತದೆ. ಗೇಟ್ ಪಾಸ್ ನವೀಕರಿಸಲು ವಿಳಾಸ ಕೇಳುತ್ತಾರೆ. ಮಗುವಿನ ಶಾಲೆ ತಪ್ಪುತ್ತದೆ. ಮತ್ತೆ ಕೋಣೆ ಹಿಡಿಯಬೇಕೆಂದರೆ ಈ ತಿಂಗಳ ಬಾಡಿಗೆ, ಸೆಕ್ಯುರಿಟಿ ಎಂದು ಇನ್ನೊಂದು ತಿಂಗಳದ್ದು, ಪೊಲೀಸ್ ವೆರಿಫಿಕೇಶನ್‌ಗೆ ಆಧಾರ್ ಪ್ರತಿ, ಸಾಮಾನು ಸಾಗಿಸಲು ಟೆಂಪೋ. ಮೂರು ಸಾವಿರ ರೂಪಾಯಿ ಹೊಂದಿಸಲಾಗದೆ ಕೋಣೆ ಬಿಟ್ಟವರು ಮತ್ತೆ ಒಳಗೆ ಬರಲು ಹತ್ತು ಸಾವಿರ ಹೊಂದಿಸಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾವ ಕನ್ನಡಿಗರಿಗೂ ಅಡ್ವಾನ್ಸ್ ಎಂಬ ಮಾತಿನ ಭಾರವನ್ನು ವಿವರಿಸಬೇಕಿಲ್ಲ.

ಕನಾವನಿಯಂಥ ಜೋಪಡಿಗಳಲ್ಲಿ ಬೇಸಿಗೆ ಬಂದರೆ ಬೆಂಕಿಯ ಭಯ. 2022ರ ಏಪ್ರಿಲ್‌ನಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿ ಜೋಪಡಿಗಳನ್ನು ಸುಟ್ಟು ಪಕ್ಕದ ಗೋಶಾಲೆಗೂ ಹಬ್ಬಿ ಹಲವು ಹಸುಗಳು ಸುಟ್ಟು ಸತ್ತವು. ಬೆಂಕಿಯಿಂದ ಉಳಿದರೆ ಬುಲ್ಡೋಜರ್ ಇದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಮನೆ ಕೆಡವುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯ ಎಂದಿತು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ನದಿ ಮತ್ತು ಜಲಮೂಲಗಳ ಮೇಲಿನ ಒತ್ತುವರಿಗೆ ಆ ರಕ್ಷಣೆಯನ್ನು ಕೊಡಲಿಲ್ಲ. ಅತಿ ಬಡವರು ಇರುವುದೇ ಅಲ್ಲಿ. ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಸಂಸ್ಥೆ ತನಗೆ ತಿಳಿದುಬಂದ ಪ್ರಕರಣಗಳನ್ನಷ್ಟೇ ಕೂಡಿಸಿದಾಗ 2022 ಮತ್ತು 2023ರಲ್ಲಿ ದೇಶದಾದ್ಯಂತ 1.53 ಲಕ್ಷ ಮನೆಗಳು ನೆಲಸಮವಾಗಿ 7.38 ಲಕ್ಷ ಜನ ನೆಲೆ ಕಳೆದುಕೊಂಡಿದ್ದರು.

ಇಷ್ಟು ಜನರನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. 2011ರ ಜನಗಣತಿ ಫೆಬ್ರವರಿ 28ರ ಒಂದೇ ರಾತ್ರಿ ವಸತಿಹೀನರನ್ನು ಎಣಿಸಿತು: ದೇಶದಲ್ಲಿ 17.73 ಲಕ್ಷ, ಉತ್ತರ ಪ್ರದೇಶದಲ್ಲಿ 3.29 ಲಕ್ಷ, ಕರ್ನಾಟಕದಲ್ಲಿ ಸುಮಾರು 76 ಸಾವಿರ. ಚಾವಣಿ ಎಂದು ಕರೆಯಬಹುದಾದ್ದು ತಲೆಯ ಮೇಲಿದ್ದರೆ ಆ ಲೆಕ್ಕಕ್ಕೆ ಅವರು ವಸತಿಹೀನರಲ್ಲ. ನೆಂಟರ ಕೋಣೆಯಲ್ಲಿ ಒತ್ತಿಕೊಂಡ ಒಂಬತ್ತು ಜನರೂ ಅಲ್ಲ, ತಗಡಿನ ಶೆಡ್ಡಿನವರೂ ಅಲ್ಲ. ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ಅವರ ನೇತೃತ್ವದ ತಾಂತ್ರಿಕ ಸಮಿತಿ 2012ರಲ್ಲಿ ನಗರಗಳ ಮನೆ ಕೊರತೆಯನ್ನು 1.88 ಕೋಟಿ ಎಂದು ಅಂದಾಜಿಸಿದಾಗ ಅದರ ಸುಮಾರು ಶೇ 80ರಷ್ಟು ಪಾಲು ಹೀಗೆ ಇಕ್ಕಟ್ಟಿನಲ್ಲಿ ಬದುಕುವ ಕುಟುಂಬಗಳದ್ದೇ ಆಗಿತ್ತು. ಅದೇ ಕಾಲದಲ್ಲಿ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ. ಮನೆಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಈ ಜನರಿಗೆ ಮನೆ ಸಿಗುವುದಿಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ ಬೇಕಿಲ್ಲ.

ಬಾಡಿಗೆ ಒಂದು ತಿಂಗಳು ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ ಕಣ್ಣಾರೆ ಕಂಡದ್ದು ಇಂದಿರಾಪುರಂನ ಪಕ್ಕದಲ್ಲೇ. ಕೋವಿಡ್ ಲಾಕ್‌ಡೌನಿನಿಂದ ಕೆಲಸ ನಿಂತಿದ್ದ 2020ರ ಮಾರ್ಚ್ 28ರಂದು ದೆಹಲಿಯ ಆನಂದ ವಿಹಾರ ಮತ್ತು ಅದಕ್ಕಂಟಿದ ಗಾಜಿಯಾಬಾದ್‌ನ ಕೌಶಾಂಬಿ ಬಸ್ ನಿಲ್ದಾಣಗಳಲ್ಲಿ ಸಾವಿರಾರು ಜನ ಗಂಟುಮೂಟೆ ಹೊತ್ತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಅವರಿಗೆ ಊರಿನ ನೆನಪಾಗಿದ್ದರ ಜೊತೆಗೆ ಏಪ್ರಿಲ್ ಒಂದರ ಬಾಡಿಗೆಯ ನೆನಪೂ ಇತ್ತು. ಮರುದಿನ ಕೇಂದ್ರ ಗೃಹ ಸಚಿವಾಲಯ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಮಾಲೀಕರಿಗೆ ಆದೇಶಿಸಿತು. ಖೋಡಾದ ಮಾಲೀಕರಲ್ಲಿ ಬಹಳ ಮಂದಿ ಆ ಬಾಡಿಗೆಯಿಂದಲೇ ತಮ್ಮ ಸಾಲ ತೀರಿಸುವವರು. ಆದೇಶದಲ್ಲಿ ಅವರಿಗೆ ಒಂದು ಪೈಸೆಯ ಏರ್ಪಾಡೂ ಇರಲಿಲ್ಲ. ಅದೇ ದಿನ ದೆಹಲಿಯ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್, ಬಡವರಿಗೆ ಬಾಡಿಗೆ ಕಟ್ಟಲಾಗದಿದ್ದರೆ ಸರ್ಕಾರವೇ ಕಟ್ಟುತ್ತದೆ ಎಂದು ಪತ್ರಿಕಾಗೋಷ್ಠಿಯಲ್ಲಿ ಭರವಸೆ ಕೊಟ್ಟರು. ಅದು ನಡೆಯದಾಗ ದಿನಗೂಲಿ ಕಾರ್ಮಿಕರು ಮತ್ತು ಒಬ್ಬ ಮಾಲೀಕರು ದೆಹಲಿ ಹೈಕೋರ್ಟಿಗೆ ಹೋದರು. 2021ರ ಜುಲೈ 22ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್, ಮುಖ್ಯಮಂತ್ರಿಯ ಮಾತಿಗೆ ಬೆಲೆಯಿದೆ, ಸರ್ಕಾರ ಅದರ ಬಗ್ಗೆ ತೀರ್ಮಾನ ಕೈಗೊಳ್ಳಲೇಬೇಕು ಎಂದು ತೀರ್ಪಿತ್ತರು. ಎರಡೇ ತಿಂಗಳಲ್ಲಿ ವಿಭಾಗೀಯ ಪೀಠ ತಡೆ ಕೊಟ್ಟಿತು. ಆ ಭರವಸೆಯ ಹಿಂದೆ ಖಾತೆಯಿರಲಿಲ್ಲ, ಅರ್ಜಿ ಸ್ವೀಕರಿಸುವ ಮೇಜಿರಲಿಲ್ಲ, ಯಾರಿಗೆ ಎಷ್ಟು ಎಂದು ನೋಡುವ ಸಿಬ್ಬಂದಿ ಇರಲಿಲ್ಲ.

ಕೇಂದ್ರ ಸರ್ಕಾರ ಪಾಠ ಕಲಿತಂತೆ ಕಂಡದ್ದು 2020ರ ಜುಲೈನಲ್ಲಿ. ವಲಸೆ ಕಾರ್ಮಿಕರಿಗೆ ಕೈಗೆಟುಕುವ ಬಾಡಿಗೆ ಮನೆ ಸಮುಚ್ಚಯಗಳ ಯೋಜನೆ ಬಂತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಒಂದು ಲಕ್ಷಕ್ಕೂ ಹೆಚ್ಚು ಸರ್ಕಾರಿ ಮನೆಗಳನ್ನು 25 ವರ್ಷದ ಗುತ್ತಿಗೆಗೆ ಕೊಟ್ಟು ಬಾಡಿಗೆಗೆ ಬಿಡುವುದು ಅದರ ಒಂದು ದಾರಿ. ಚಂಡೀಗಢ, ಸೂರತ್, ಅಹಮದಾಬಾದ್‌ನಂಥ ಕೆಲವು ನಗರಗಳಲ್ಲಿ ಕೆಲವು ಸಾವಿರ ಮನೆಗಳು ಬಾಗಿಲು ತೆರೆದವು. ವರ್ಷಗಳು ಕಳೆದರೂ ಉಳಿದವು ಹಾಗೇ ನಿಂತವು. ಕಾರಣ ಗುಟ್ಟೇನಲ್ಲ. ಅವುಗಳಲ್ಲಿ ಬಹಳಷ್ಟು ಮೊದಲು ಖಾಲಿ ಬಿದ್ದದ್ದೇ ಕೆಲಸದ ಜಾಗದಿಂದ ದೂರ ಇದ್ದುದಕ್ಕೆ. ಬಾಡಿಗೆಗೆ ಕೊಟ್ಟಾಕ್ಷಣ ದೂರ ಹತ್ತಿರವಾಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ನಗರ ಆವೃತ್ತಿಯಲ್ಲೂ ಬಾಡಿಗೆ ಮನೆಯ ವಿಭಾಗವಿದೆ. ಅದೂ ಕಟ್ಟಡಕ್ಕೆ ಕೊಡುವ ಹಣ. ಸ್ವಂತ ಮನೆಯ ವಿಭಾಗಗಳಿಗೆ ಅರ್ಜಿ ಹಾಕಬೇಕಾದರೆ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು. ಬುಂದೇಲ್‌ಖಂಡದ ಊರಿನಲ್ಲಿ ಒಂದು ಸರ್ಕಾರಿ ಮನೆ ಪಡೆದು, ಅಲ್ಲಿ ಅನ್ನವಿಲ್ಲದೆ ಇಂದಿರಾಪುರಂಗೆ ಬಂದವನು ಅಲ್ಲಿಗೇ ಅನರ್ಹ.

ಬೀದಿಗೆ ಬಿದ್ದವರ ಪಾಲಿಗಿರುವ ಏರ್ಪಾಡನ್ನು ಕೂಡಿ ಕಳೆದು ನೋಡಬೇಕು. ಸುಪ್ರೀಂ ಕೋರ್ಟಿನ 2010ರ ಆದೇಶಗಳ ಬೆನ್ನಿಗೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ತಂಗುದಾಣ ಎಂದಿತು. ತಂಗುದಾಣಕ್ಕೆ 100 ಜನ ಎಂದರೂ ಗಾಜಿಯಾಬಾದ್ ನಗರಕ್ಕೆ 16, ಬೆಂಗಳೂರಿಗೆ 84 ಬೇಕಿತ್ತು. ಕಳೆದ ದಶಕದ ಕೊನೆಯವರೆಗೂ ಬೆಂಗಳೂರಿನಲ್ಲಿ ಇದ್ದದ್ದು ಹತ್ತರ ಆಸುಪಾಸು. 50 ಜನರ ಒಂದು ತಂಗುದಾಣ ನಡೆಸಲು ವರ್ಷಕ್ಕೆ ಗೊತ್ತು ಮಾಡಿದ ಮೊತ್ತ 6 ಲಕ್ಷ ರೂಪಾಯಿ. ಐವತ್ತರಿಂದ ಭಾಗಿಸಿದರೆ ತಲೆಗೆ ತಿಂಗಳಿಗೆ 1,000. ಐದು ಜನರ ಕುಟುಂಬಕ್ಕೆ 5,000. ಆ ಹಣಕ್ಕೆ ಸಿಗುವುದು ಒಬ್ಬೊಬ್ಬರಿಗೆ 50 ಚದರಡಿ ಜಾಗ. ಕುಟುಂಬಗಳಿಗೆಂದೇ ಇರುವ ತಂಗುದಾಣಗಳು ವಿರಳವಾದ್ದರಿಂದ ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ. ಹೆಚ್ಚುಕಡಿಮೆ ಅದೇ ಐದು ಸಾವಿರಕ್ಕೆ ಖೋಡಾದಂಥ ಕಡೆ ಆ ಕುಟುಂಬ ಒಟ್ಟಿಗೆ ಒಂದೇ ಕೋಣೆಯಲ್ಲಿ, ತಮ್ಮದೇ ಒಲೆ ಹಚ್ಚಿಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬಹುದು. ತಂಗುದಾಣ ಬೇಡವೆಂದಲ್ಲ. ಜನವರಿಯ ರಾತ್ರಿ ದೆಹಲಿಯ ಚಳಿಗೆ ಅದು ಜೀವ ಉಳಿಸುತ್ತದೆ. ಕುಟುಂಬವನ್ನು ಅಲ್ಲೇ ಬಿಡುವುದಕ್ಕೆ ಮಾತ್ರ ಹಣದ ಕೊರತೆ ನೆಪವಾಗಲಾರದು.

ಬಾಡಿಗೆಗೆ ಸರ್ಕಾರ ದುಡ್ಡು ಕೊಡುವುದು ವಿದೇಶದ ಮಾತು ಎಂದು ಹಲವರು ತಳ್ಳಿಹಾಕುತ್ತಾರೆ. ಕರ್ನಾಟಕ ಅದನ್ನು ಮಾಡಿ ತೋರಿಸಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಭಾಗದ ಊರುಗಳು ಮುಳುಗಿದಾಗ ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ, ಮನೆ ಕಟ್ಟಿಕೊಳ್ಳುವ ತನಕ ಬೇರೆಡೆ ಇರಲು ತಿಂಗಳಿಗೆ 5,000 ರೂಪಾಯಿಯಂತೆ 10 ತಿಂಗಳ ಬಾಡಿಗೆ ಘೋಷಿಸಿತು. 2024ರಲ್ಲಿ ವಯನಾಡಿನ ಭೂಕುಸಿತದ ಬಳಿಕ ಕೇರಳ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಟ್ಟಿತು. ಜನ ಸೋಮಾರಿಗಳಾಗುತ್ತಾರೆ, ಬಾಡಿಗೆ ಏರುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಹೊಳೆ ಮನೆ ಕಿತ್ತುಕೊಂಡರೆ ಬಾಡಿಗೆ, ಬುಲ್ಡೋಜರ್ ಕಿತ್ತುಕೊಂಡರೆ ಇಲ್ಲ. ಗುಡ್ಡ ಕುಸಿದರೆ ಉಂಟು, ಮೇಸ್ತ್ರಿಯ ಕಾಲು ಮುರಿದು ಕೂಲಿ ನಿಂತರೆ ಇಲ್ಲ. ಮಳೆಯಲ್ಲಿ ನೆನೆಯುವ ಮಗುವಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಹೇಗೆ?

ಈ ವ್ಯತ್ಯಾಸಕ್ಕೆ ಬೆಂಗಳೂರು ತೆತ್ತ ಬೆಲೆ ಈಜಿಪುರದಲ್ಲಿ ಕಂಡಿತು. ಆರ್ಥಿಕವಾಗಿ ಹಿಂದುಳಿದವರಿಗೆಂದು ಕಟ್ಟಿದ ವಸತಿಗೃಹಗಳು ಕುಸಿದ ಮೇಲೆ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು 2013ರ ಜನವರಿಯಲ್ಲಿ ಎಬ್ಬಿಸಲಾಯಿತು. ಶಾಲೆಗಳ ಪರೀಕ್ಷೆ ಎದುರಿಗಿದ್ದ ತಿಂಗಳು ಅದು. ಕೋರಮಂಗಲದ ಮನೆಗೆಲಸ, ಪೌರಕಾರ್ಮಿಕ ಕೆಲಸ ಬಿಟ್ಟು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಹೋಗಲಾಗದ ಎಷ್ಟೋ ಕುಟುಂಬಗಳು ಅದೇ ಜಾಗದ ಬೇಲಿಯ ಹೊರಗೆ, ಫುಟ್‌ಪಾತಿನಲ್ಲೇ ವರ್ಷಗಟ್ಟಲೆ ಉಳಿದವು. ಏಳು ವರ್ಷದ ನಂತರ, 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂಬ ಗುಮಾನಿಯ ಮೇಲೆ ಶೆಡ್ಡುಗಳನ್ನು ಕೆಡವಿದಾಗ ಅವಶೇಷಗಳ ನಡುವೆ ಆಧಾರ್ ಕಾರ್ಡು ಹಿಡಿದು ನಿಂತವರಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು, ಪುನರ್ವಸತಿಯ ಹೊಣೆ ಸರ್ಕಾರದ್ದು ಎಂದಿತು. ತೀರ್ಪು ಬಂದರೂ ಆ ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಇಲಾಖೆ ಇರಲಿಲ್ಲ. ರಾಯಚೂರು, ಯಾದಗಿರಿಯವರು ಬೆಂಗಳೂರಿನಲ್ಲಿ ಪಡುವ ಪಾಡನ್ನೇ ಬುಂದೇಲ್‌ಖಂಡ, ಬಿಹಾರದವರು ಇಂದಿರಾಪುರಂನಲ್ಲಿ ಪಡುತ್ತಾರೆ. ಗುಳೆ ಎಂಬ ಮಾತು ಕನ್ನಡದ್ದು, ಅವಸ್ಥೆ ಎಲ್ಲರದ್ದು.

ಸರಿಯಾದ ಹೊತ್ತಿಗೆ ಕೊಟ್ಟ ಸಣ್ಣ ಮೊತ್ತ ಕೆಲಸ ಮಾಡುತ್ತದೆಯೇ? ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು ಅಮೆರಿಕದ ಶಿಕಾಗೊದಲ್ಲಿ. ಬಾಡಿಗೆ ಕಟ್ಟಲಾಗದೆ ಮನೆ ಬಿಡುವ ಅಂಚಿನಲ್ಲಿದ್ದವರು ಫೋನ್ ಮಾಡಬಹುದಾದ ಒಂದು ಕೇಂದ್ರ ಅಲ್ಲಿದೆ. ಅರ್ಹರಿಗೆ ಒಂದೇ ಸಲ ನೆರವು. ಆದರೆ ನಿಧಿ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಬರಿದಾಗಿರುತ್ತಿತ್ತು. ಫೋನ್ ಮಾಡುವವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಒಂದೇ ಬಗೆಯ ಕಷ್ಟ, ಒಂದೇ ಬಗೆಯ ಕುಟುಂಬ. ಮಂಗಳವಾರ ಕರೆ ಮಾಡಿದವರಿಗೆ ಹಣ ಸಿಕ್ಕಿತು, ಗುರುವಾರದವರಿಗೆ ಸಿಗಲಿಲ್ಲ ಎಂಬ ಪರಿಸ್ಥಿತಿ. ವಿಲಿಯಂ ಇವಾನ್ಸ್ ಮತ್ತು ಸಂಗಡಿಗರು ಈ ಎರಡು ಗುಂಪುಗಳನ್ನು ಹೋಲಿಸಿ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಹಣ ಇದ್ದ ದಿನ ಕರೆ ಮಾಡಿದವರು ಮುಂದಿನ ಆರು ತಿಂಗಳಲ್ಲಿ ತಂಗುದಾಣ ಸೇರುವ ಸಾಧ್ಯತೆ ಶೇ 76ರಷ್ಟು ಕಡಿಮೆ. ಆ ಅಧ್ಯಯನ ಓದುವಾಗ ಗುರುವಾರ ಕರೆ ಮಾಡಿದವರ ನೆನಪೇ ಹೆಚ್ಚು ಕಾಡುತ್ತದೆ. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಡಬ್ಬಿ ಖಾಲಿಯಾಗಿತ್ತು. ಸೇವೆಗೆ ಸ್ಥಿರವಾದ ಹಣ ಬೇಕೆಂದು ಹಟ ಹಿಡಿಯಬೇಕಾದದ್ದು ಈ ಕಾರಣಕ್ಕೆ.

ಅದೇ ದೇಶದ ಇನ್ನೊಂದು ಅಧ್ಯಯನ ಎಚ್ಚರಿಕೆಯ ಮಾತನ್ನೂ ಹೇಳುತ್ತದೆ. ಅಲ್ಲಿನ ವಸತಿ ಇಲಾಖೆ 12 ಕಡೆ, ಆಗಲೇ ತಂಗುದಾಣ ಸೇರಿದ್ದ 2,282 ಕುಟುಂಬಗಳ ಮೇಲೆ ಮೂರು ವರ್ಷ ಕಣ್ಣಿಟ್ಟಿತು. ದೀರ್ಘಕಾಲದ ಬಾಡಿಗೆ ನೆರವು ಸಿಕ್ಕ ಕುಟುಂಬಗಳು ಮತ್ತೆ ಮನೆ ಕಳೆದುಕೊಳ್ಳುವುದು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಕೆಲವೇ ತಿಂಗಳ ನೆರವು ಸಿಕ್ಕವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎರಡು ಅಧ್ಯಯನಗಳನ್ನೂ ಒಟ್ಟಿಗಿಟ್ಟು ನೋಡಿದರೆ ದಾರಿ ಸ್ಪಷ್ಟ: ಬೀಳುವ ಮುನ್ನ ಸಣ್ಣ ಮೊತ್ತ ಸಾಕು, ಬಿದ್ದ ಮೇಲೆ ಅದು ಸಾಲದು, ಬಹುಕಾಲ ಜೊತೆ ನಿಲ್ಲಬೇಕು. ಫಿನ್ಲೆಂಡ್ ಎರಡನ್ನೂ ಮಾಡಿತು. 2008ರಿಂದ ಅದು ರಾತ್ರಿ ತಂಗುದಾಣಗಳನ್ನೇ ಒಂದೊಂದಾಗಿ ಬಾಡಿಗೆ ಮನೆಗಳಾಗಿ ಮಾರ್ಪಡಿಸಿ, ಪ್ರತಿ ಮನೆಗೂ ನೆರವಿನ ಸಿಬ್ಬಂದಿಯನ್ನು ಜೋಡಿಸಿತು. 1980ರ ದಶಕದ ಕೊನೆಯಲ್ಲಿ 18 ಸಾವಿರದಷ್ಟಿದ್ದ ಅಲ್ಲಿನ ವಸತಿಹೀನರು 2023ರಲ್ಲಿ ಮೂರೂವರೆ ಸಾವಿರಕ್ಕಿಂತ ಕಡಿಮೆ.

ಎತ್ತಬಹುದಾದ ಆಕ್ಷೇಪಗಳಲ್ಲಿ ಎರಡು ತೂಕದವು. ಒಂದು, ಕಷ್ಟ ಹೇಳಿಕೊಂಡು ಬಂದವರೆಲ್ಲ ಬೀದಿಗೆ ಬೀಳುತ್ತಿರಲಿಲ್ಲ; ಹಲವರು ಹೇಗೋ ಸಾಲ ಮಾಡಿ ನಿಭಾಯಿಸುತ್ತಿದ್ದರು, ಅವರಿಗೆ ಕೊಟ್ಟ ಹಣ ದಂಡ ಎಂಬುದು. ಶಿಕಾಗೊದ ಅಧ್ಯಯನಕಾರರೇ ಇದನ್ನು ಒಪ್ಪುತ್ತಾರೆ. ಒಪ್ಪಿಯೂ, ತಪ್ಪಿಸಿದ ಪ್ರತಿ ವಸತಿಹೀನತೆಯ ಲಾಭ ಖರ್ಚಿಗಿಂತ ಹೆಚ್ಚು ಎಂದು ಲೆಕ್ಕ ಕೊಟ್ಟಿದ್ದಾರೆ. ಇಲ್ಲಿನ ಮಟ್ಟಿಗೆ ಇನ್ನೊಂದು ಮಾತಿದೆ: ‘ಹೇಗೋ ನಿಭಾಯಿಸುವುದು’ ಎಂದರೆ ಮೀಟರ್ ಬಡ್ಡಿ, ಮಗಳ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವುದು. ಅದನ್ನು ತಪ್ಪಿಸಿದ ಹಣವನ್ನು ದಂಡ ಎನ್ನಲಾಗದು. ಎರಡನೆಯ ಆಕ್ಷೇಪ ಬಾಡಿಗೆ ಏರುತ್ತದೆ ಎಂಬುದು. ಎಲ್ಲ ಬಾಡಿಗೆದಾರರಿಗೂ ತಿಂಗಳು ತಿಂಗಳು ಹಣ ಹಂಚಿದರೆ ಖಂಡಿತ ಏರೀತು. ಅಂಚಿನಲ್ಲಿರುವ ಕೆಲವರಿಗೆ ಒಂದು ಸಲ ಕೊಡುವ ನೆರವಿನಿಂದ, ಅಂತಸ್ತಿನ ಮೇಲೆ ಅಂತಸ್ತು ಏಳುತ್ತಲೇ ಇರುವ ಖೋಡಾದಲ್ಲಿ ಬಾಡಿಗೆ ಏರುವುದಿಲ್ಲ. ದೀರ್ಘಕಾಲದ ನೆರವು ಬೇಕಾದವರಿಗೆ ಮಾತ್ರ ಕೆಲಸದ ಸಮೀಪದಲ್ಲೇ ಹೊಸ ಕೋಣೆಗಳು ಬೇಕು. ಅಲ್ಲಿ ಕಟ್ಟಡದ ಹಣಕ್ಕೂ ಸೇವೆಯ ಹಣಕ್ಕೂ ಜಗಳವಿಲ್ಲ. ಬೇರೆ ರಾಜ್ಯದಿಂದ ಬಂದವರಿಗೆ ಈ ರಾಜ್ಯದ ಹಣ ಏಕೆ ಎಂಬ ಮೂರನೆಯ ಮಾತೂ ಕೇಳಿಬರುತ್ತದೆ. ಅವರು ಕಟ್ಟಿದ ಗೋಡೆ ಈ ರಾಜ್ಯದಲ್ಲೇ ನಿಂತಿದೆ.

ಹಣ ಎಲ್ಲಿಂದ ಎಂಬುದಕ್ಕೆ ಆ ಗೋಡೆಯೇ ಉತ್ತರ. 1996ರ ಕಾನೂನು ಪ್ರತಿ ದೊಡ್ಡ ಕಟ್ಟಡದ ನಿರ್ಮಾಣ ವೆಚ್ಚದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಅದನ್ನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಮೀಸಲಿಟ್ಟಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಸೆಸ್ ಉಳಿದುಕೊಂಡಿದೆ. ಕೆಲಸ ನಡೆಯುವಾಗ ಕಾರ್ಮಿಕರಿಗೆ ಸ್ಥಳದಲ್ಲೇ ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದೂ ಅದೇ ವರ್ಷದ ಕಾಯ್ದೆ ಹೇಳಿತು. ಕಟ್ಟಡ ಮುಗಿದರೆ ಶೆಡ್ಡು ಕಿತ್ತುಹಾಕುತ್ತಾರೆ. ಗೃಹಪ್ರವೇಶಕ್ಕೆ ತೋರಣ ಕಟ್ಟುವ ದಿನವೇ ಕಟ್ಟಿದವರ ಮನೆ ಇಲ್ಲವಾಗುತ್ತದೆ. 2018ರ ಮಾರ್ಚ್ 19ರಂದು ನ್ಯಾಯಮೂರ್ತಿ ಮದನ್ ಲೋಕುರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಈ ನಿಧಿಯ ಲೆಕ್ಕ ನೋಡಿ ನೊಂದು ಬರೆಯಿತು: ದೇಶದಲ್ಲಿ ಸಂಗ್ರಹವಾದದ್ದು 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ. ಕಲ್ಯಾಣ ಮಂಡಳಿಗಳು ಮನೆ ಕಟ್ಟಲು ಸಾಲ ಕೊಡಬಹುದು, ಇತರ ಕಲ್ಯಾಣ ಕ್ರಮಗಳನ್ನೂ ಕೈಗೊಳ್ಳಬಹುದು ಎಂದು ಕಾಯ್ದೆಯಲ್ಲೇ ಇತ್ತು. ಬಾಡಿಗೆ ನೆರವಿಗೆ ಅದರಲ್ಲಿ ಬಾಗಿಲು ತೆರೆದೇ ಇದೆ.

ಕರ್ನಾಟಕದ ಆಸ್ತಿ ತೆರಿಗೆಯಲ್ಲಿ ಇನ್ನೊಂದು ಮೂಲ ಅಡಗಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರವನ್ನು ಊರೂರಿನ ಮನೆ ಮಾಲೀಕರು ಕಟ್ಟುತ್ತಾ ಬಂದಿದ್ದಾರೆ. ಸ್ಥಳೀಯ ಸಂಸ್ಥೆಗಳು ಅದನ್ನು ಕೇಂದ್ರ ಪರಿಹಾರ ಸಮಿತಿಗೆ ಪೂರ್ತಿ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ದಾಟಿದ ಹಣ ಹೋಗುವುದು ಜನರನ್ನು ಬೀದಿಯಿಂದ ಹಿಡಿದು ತಂದು ಇಡುವ ಕೇಂದ್ರಗಳಿಗೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಆಗಿನ ಸಮಾಜ ಕಲ್ಯಾಣ ಸಚಿವ ಡಿ. ಸುಧಾಕರ್ ರಾಜೀನಾಮೆ ಕೊಟ್ಟರು. ಭಿಕ್ಷೆಯನ್ನು ಅಪರಾಧವೆನ್ನುವ ದೆಹಲಿಯ ನಿಯಮಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು. ಹಿಡಿದಿಡಲು ಎತ್ತುವ ಅದೇ ಕರವನ್ನು ಜನರನ್ನು ಮನೆಯಲ್ಲಿ ಉಳಿಸಲು ತಿರುಗಿಸಬಹುದು. ಕಾಯ್ದೆ ತಿದ್ದಬೇಕು, ಹೊಸ ತೆರಿಗೆ ಬೇಕಿಲ್ಲ.

ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ನಿರ್ಮಾಣ ವೆಚ್ಚ 100 ಕೋಟಿ ಎಂದಿಟ್ಟುಕೊಂಡರೆ ಶೇ 1ರ ಸೆಸ್ 1 ಕೋಟಿ ರೂಪಾಯಿ. ಒಂದು ವರ್ಷದಲ್ಲಿ 400 ಕುಟುಂಬಗಳಿಗೆ ತಲಾ 15 ಸಾವಿರದಂತೆ ಬಾಕಿ ಬಾಡಿಗೆಯೋ ಹೊಸ ಕೋಣೆಯ ಅಡ್ವಾನ್ಸೋ ಕೊಟ್ಟರೆ 60 ಲಕ್ಷ. ತಿಂಗಳಿಗೆ 25 ಸಾವಿರ ಸಂಬಳದ ಎಂಟು ಕಾರ್ಯಕರ್ತೆಯರಿಗೆ 24 ಲಕ್ಷ. ಉಳಿದ 16 ಲಕ್ಷದಲ್ಲಿ ಖೋಡಾದ ಲೇಬರ್ ಚೌಕದ ಬಳಿ ಒಂದು ಕಚೇರಿ, ಕನಾವನಿಯಲ್ಲಿ ಇನ್ನೊಂದು, ಒಂದು ಫೋನ್ ಸಂಖ್ಯೆ, ಕರಾರು ಪತ್ರ ನೋಡಿಕೊಡಲು ಒಬ್ಬ ವಕೀಲರು. ಬಾಡಿಗೆ ಕಟ್ಟುವ ಗಡುವು ಮುಗಿದ ಮರುದಿನ ಕಾರ್ಯಕರ್ತೆಯ ಕೆಲಸ ಶುರು. ಬೆಳಗ್ಗೆ ಕೋಣೆಗಳ ಸಾಲಿಗೆ ಹೋಗಿ ಮಾಲೀಕನ ಜೊತೆ ಮಾತು, ಎರಡು ತಿಂಗಳ ಬಾಕಿಯಲ್ಲಿ ಒಂದನ್ನು ನೇರ ಅವನ ಖಾತೆಗೆ ಹಾಕಿ, ಮುಂದಿನ ಆರು ತಿಂಗಳು ಎಬ್ಬಿಸುವುದಿಲ್ಲ ಎಂಬ ಬರಹ. ಮಧ್ಯಾಹ್ನ ಕಾಲು ಮುರಿದವನ 90 ದಿನಗಳ ಕೆಲಸದ ದೃಢೀಕರಣಕ್ಕೆ ಗುತ್ತಿಗೆದಾರನ ಸಹಿ ಹಾಕಿಸಿ ಕಾರ್ಮಿಕ ಕಾರ್ಡಿನ ನವೀಕರಣ. ಸಂಜೆ ಪಡಿತರ ಚೀಟಿಯ ಪೋರ್ಟಬಿಲಿಟಿ, ಮಗುವಿನ ಶಾಲೆ. ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೆ ಅದೇ ಬಾಗಿಲು ತಟ್ಟಿ, ಸಬ್‌ಮೀಟರ್ ಓಡುತ್ತಿದೆಯೇ, ಶಾಲೆಯ ಚೀಲ ಅದೇ ಮೊಳೆಯಲ್ಲಿ ತೂಗುತ್ತಿದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು.